ಮೂರು ಸಲ ಕೇಳುತ್ತಿದ್ದ ಹುಲ್ಲಿನ ಕಾಕಾ

ಪ್ಲಾಸ್ಟಿಕ್ ಹುಲ್ಲು ಹಾಸುವುದೂ ಒಂದು ಕಸುಬೇ ಎಂದು ನಕ್ಕವರಲ್ಲಿ ನಾನೇ ಮೊದಲಿಗಳು. ಜಮಖಂಡಿ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡುತ್ತ ಆಯುಷ್ಯ ಕಳೆದವಳು ನಾನು. ನೆಲ, ಬದು, ಬೇಲಿ ಎಂದು ಜನ ಹೊಡೆದಾಡುವುದನ್ನು ದಿನಾ ಕೇಳಿದ್ದೇನೆ. ಆದರೆ ನೆಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಬಿರುಕಿನೊಳಗೆ ಕಂಬಿ ಇಳಿಸಿ, ನಾಡಿ ನೋಡುವ ಡಾಕ್ಟರರ ಹಾಗೆ ಮುಖ ಗಂಭೀರ ಮಾಡುವ ಮನುಷ್ಯನನ್ನು ನೋಡಿದ್ದು ಅವರೊಬ್ಬರನ್ನೇ. ಅವರು ಸತ್ತದ್ದು ನಮ್ಮ ಹುನ್ನೂರಿನ ಮನೆಯ ಅಂಗಳದಲ್ಲಿ. ಇಷ್ಟು ವರ್ಷವಾದರೂ ಈ ಒಂದು ವಾಕ್ಯ ಬರೆಯುವಾಗ ಕೈ ನಿಂತುಬಿಡುತ್ತದೆ.

ಅವರ ಹೆಸರು ಬರೆಯುವುದಿಲ್ಲ. ರಬಕವಿ-ಬನಹಟ್ಟಿಯಿಂದ ಬೀಳಗಿಯವರೆಗೆ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಎಲ್ಲರಿಗೂ ಅವರು ಹುಲ್ಲಿನ ಕಾಕಾ.

ನಾನು ಅವರನ್ನು ಮೊದಲು ಕಂಡದ್ದು ಮುಧೋಳದಲ್ಲಿ, ಪರಿಚಯದ ವಕೀಲರೊಬ್ಬರ ಹೊಸ ಮನೆಯಲ್ಲಿ. ಆ ವಕೀಲರೆಂದರೆ ಕೋರ್ಟಿನಲ್ಲಿ ಎದುರು ಪಾರ್ಟಿಯ ಬೆವರಿಳಿಸುವ ಆಸಾಮಿ. ಅಂಥವರು ತಮ್ಮದೇ ಅಂಗಳದಲ್ಲಿ ಕೈ ಕಟ್ಟಿ ನಿಂತು ಬೈಸಿಕೊಳ್ಳುತ್ತಿದ್ದರು. ಎದುರಿಗೆ ಬರಿಗಾಲಿನ, ಬಡಕಲು ಮೈಯ, ಅಂಗಿಯ ತೋಳು ಮಡಚಿದ ಒಬ್ಬ ಮನುಷ್ಯ.

‘ವಕೀಲ್ರ, ನೀವ ಕಾಯಿದೆ ಓದೀರಿ, ಎರಿ ಮಣ್ಣ ಓದಿಲ್ಲ. ಎರಿ ಭೂಮಿ ಉಸರಾಡತೈತ್ರಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಬಿರೀತೈತಿ. ಅದರ ಮ್ಯಾಲ ನೀವು ಹುಲ್ಲ ಬಿಗದ ಮೊಳಿ ಹೊಡ್ಯಂದ್ರ ನಾ ಹೊಡ್ಯಾವಲ್ಲ. ದಂಡಿಗೆ ಒಂದ ಬಟ್ಟ ಸಡ್ಲ ಬಿಡಾವನ.’

ವಕೀಲರು ತಲೆಯಾಡಿಸಿದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕೆ. ಅವರಿಗೆ ಕೇಳಿಸಿತು. ನನ್ನ ಕಡೆ ತಿರುಗಿ, ‘ನಗ್ರಿ ಅಕ್ಕಾರ, ನಗ್ರಿ. ನಿಮ್ಮ ಅಂಗಳಾನೂ ಎರೀನ ಇದ್ದಂಗೈತಿ, ಚಪ್ಪಲ್ಯಾಗ ಕಾಣತೈತಿ’ ಎಂದರು. ನನ್ನ ಚಪ್ಪಲಿಯ ಅಟ್ಟೆಗೆ ಹುನ್ನೂರಿನ ಕರಿಮಣ್ಣು ಎರಡು ಬೆರಳು ದಪ್ಪ ಮೆತ್ತಿತ್ತು. ನಗು ಅಲ್ಲಿಗೇ ನಿಂತಿತು.

ಮೂಲದಲ್ಲಿ ಅವರು ಬೀಳಗಿ ಕಡೆಯ ಒಂದು ಹಳ್ಳಿಯವರು. ಅಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗಿದಾಗ ಹೆಂಡತಿಯನ್ನು ಕರೆದುಕೊಂಡು ಬನಹಟ್ಟಿಗೆ ಬಂದು ಮಗ್ಗ ಸೇರಿದರು. ಮಗ್ಗದ ಕೆಲಸ ಕುಂಠಿತವಾದಾಗ ಯಾರದೋ ಜೊತೆ ಹುಬ್ಬಳ್ಳಿಗೆ ಹೋಗಿ ಈ ಹುಲ್ಲಿನ ಕೆಲಸ ಕಲಿತು ಬಂದರು. ನೇಕಾರಿಕೆ ಮಾತ್ರ ಬೆರಳುಗಳನ್ನು ಬಿಟ್ಟಿರಲಿಲ್ಲ. ಹುಲ್ಲಿನ ಎರಡು ಪಟ್ಟಿ ಜೋಡಿಸಿ ಅಂಟಿಸಿದ ಮೇಲೆ ಕಣ್ಣು ಮುಚ್ಚಿ ಉಗುರಿನಿಂದ ಅಡ್ಡಡ್ಡ ಗೀರುತ್ತಿದ್ದರು. ಉಗುರಿಗೆ ಜೋಡು ಸಿಕ್ಕಿತೋ, ಕಿತ್ತು ಮತ್ತೆ ಅಂಟಿಸುವುದೇ. ‘ಸೀರಿ ಆದ್ರ ಆಕಿ ಮಡಿಚಿ ಉಟ್ಟ ಮುಚ್ಚಗೋತಾಳ್ರಿ. ಇದು ಮಂದಿ ಕಣ್ಣ ಮುಂದ ಬಿದ್ದಿರೂದು’ ಎನ್ನುತ್ತಿದ್ದರು.

ಅವರ ಬಗ್ಗೆ ಕಥೆಗಳು ಬಹಳ. ತುಬಚಿಯಲ್ಲಿ ಒಬ್ಬರ ಮನೆಗೆ ಹುಲ್ಲು ಹಾಸಿ ಕೈ ತೊಳೆಯುವಷ್ಟರಲ್ಲಿ ಆ ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಬಂದು ಒಂದು ಮೂಲೆಗೆ ಬಾಯಿ ಹಾಕಿತಂತೆ. ಮನೆಯವರು ಎಮ್ಮೆಗೆ ಬಡಿಗೆ ಎತ್ತಿದರೆ ಇವರು ಅಡ್ಡ ನಿಂತು, ‘ಹೊಡೀಬ್ಯಾಡ್ರಿ, ಎಮ್ಮಿ ಮೆಚ್ಚಿದ ಮ್ಯಾಲ ಇನ್ನ ಸರ್ಟಿಫಿಕೇಟ್ ಯಾಕ ಬೇಕು’ ಎಂದರಂತೆ. ನನಗೆ ಹಿಡಿಸಿದ್ದು ಬೀಳಗಿಯ ಕಥೆ. ಅಲ್ಲಿನ ಒಬ್ಬ ಮುದುಕಿ ಹುಲ್ಲು ಹಾಸಿದ ಮರುದಿನದಿಂದಲೇ, ಹುಟ್ಟಿದಾಗಿನಿಂದ ಬಂದ ರೂಢಿಯಂತೆ, ಬೆಳಿಗ್ಗೆ ಎದ್ದು ಅದರ ಮೇಲೆ ಸೆಗಣಿ ನೀರಿನ ಥಳಿ ಹೊಡೆಯತೊಡಗಿದಳು. ತಿಂಗಳಾಗುವಷ್ಟರಲ್ಲಿ ಕೆಳಗಿನ ಎರೆ ನೀರು ಕುಡಿದು ಉಬ್ಬಿ, ಬಾಗಿಲ ಮುಂದೆ ಹುಲ್ಲು ಗುಡ್ಡವಾಗಿ ನಿಂತಿತು. ಮಗ ತಾಯಿಗೆ ಬೈದ. ಕಾಕಾ ಬೈಯಲಿಲ್ಲ. ಹೊಸ್ತಿಲ ಮುಂದೆ ಎರಡು ಮೊಳ ಹುಲ್ಲು ಕತ್ತರಿಸಿ ತೆಗೆದು, ‘ಯವ್ವಾ, ಇದು ನಿನ್ನ ಜಾಗಾ. ಥಳಿ ಹೊಡಿ, ರಂಗೋಲಿ ಹಾಕು’ ಎಂದರು. ಅಂದಿನಿಂದ ಯಾರ ಮನೆಯಲ್ಲೇ ಆಗಲಿ ಹೊಸ್ತಿಲ ಮುಂದೆ ಎರಡು ಮೊಳ ಮಣ್ಣು ಬಿಟ್ಟೇ ಹಾಸುತ್ತಿದ್ದರು.

ಆದರೆ ಅವರು ಹೆಸರಾದದ್ದು ಇದಕ್ಕಲ್ಲ, ಒಂದು ಪ್ರಶ್ನೆಗೆ. ಯಾವ ಮನೆಗೆ ಹೋದರೂ, ಅಳತೆಗೆ ಟೇಪು ಬಿಚ್ಚುವ ಮೊದಲು ಆ ಮನೆಯ ಹಿರಿಯರನ್ನು ಕೂಡಿಸಿಕೊಂಡು ಕೇಳುತ್ತಿದ್ದರು: ‘ಈ ಅಂಗಳದಾಗ ಹಗೇವು ಐತೇನ್ರಿ?’ ಒಂದು ಸಲ ಅಲ್ಲ, ಮೂರು ಸಲ. ಹೊಸ ಬಡಾವಣೆಯ ಮನೆಗಳಲ್ಲೂ ಕೇಳಿ ನಗೆಪಾಟಲಾಗುತ್ತಿದ್ದರು.

ಹಗೇವು ಎಂದರೆ ಜೋಳ ಕೂಡಿಡಲು ನಮ್ಮ ಕಡೆ ಹಿಂದೆ ನೆಲದೊಳಗೆ ತೋಡುತ್ತಿದ್ದ ಕಣಜ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹೊಟ್ಟೆಯಷ್ಟು ಅಗಲ, ಎರಡಾಳು ಆಳ. ತುಂಬಿದ ಮೇಲೆ ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಬಡಿದು, ಅಂಗಳ ಸಾರಿಸಿಬಿಟ್ಟರೆ ಗುರುತು ಹತ್ತುವಂತಿಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿಕೊಳ್ಳುತ್ತದೆ. ದೀಪ ಇಳಿಬಿಟ್ಟು, ಅದು ಆರದಿದ್ದರಷ್ಟೇ ಮನುಷ್ಯ ಇಳಿಯಬೇಕು. ಕಾಕಾ ಸಣ್ಣವರಿದ್ದಾಗ ಅವರ ಚಿಕ್ಕಪ್ಪ ದೀಪ ಬಿಡದೆ ಇಳಿದು ಮೇಲೆ ಬರಲಿಲ್ಲ, ಅವನನ್ನು ತೆಗೆಯಲು ಇಳಿದವನೂ ಬರಲಿಲ್ಲ. ಮುಂದೆ ಊರು ಮುಳುಗುವಾಗ ಹಿನ್ನೀರು ಹೊಸ್ತಿಲಿಗೆ ಬರುವ ಮೊದಲೇ ಹಗೇವುಗಳಿಗೆ ಇಳಿದು, ಒಂದೊಂದೇ ಅಂಗಳ ಧಸಕ್ಕನೆ ಕುಸಿದದ್ದನ್ನು ಅವರು ದಿಬ್ಬದ ಮೇಲೆ ನಿಂತು ನೋಡಿದ್ದರು. ‘ಯಾರ ಮನ್ಯಾಗ ಎಷ್ಟ ಹಗೇವು ಇದ್ದೂ ಅಂತ ಆವತ್ತ ಗೊತ್ತಾತ್ರಿ ಅಕ್ಕಾರ. ಅಲ್ಲೀತನಕ ಯಾರೂ ಬಾಯಿ ಬಿಟ್ಟಿದ್ದಿಲ್ಲ’ ಎಂದಿದ್ದರು.

ಕೇಳುವುದರ ಜೊತೆಗೆ ನೋಡುವುದೂ ಇತ್ತು. ಎರೆ ನೆಲದ ಕೆಲಸವನ್ನು ಅವರು ಯುಗಾದಿ ಮುಗಿದ ಮೇಲೆ, ನೆಲ ಬಿರಿದಾಗಲೇ ಹಿಡಿಯುತ್ತಿದ್ದರು. ಸುಮ್ಮನಿರುವ ಎರೆಯಲ್ಲಿ ಬಿರುಕು ದಿಕ್ಕು ದಿಕ್ಕಿಗೆ ಓಡುತ್ತದೆ, ಕೆಳಗೆ ಪೊಳ್ಳಿದ್ದರೆ ಅದರ ಸುತ್ತ ದುಂಡಗೆ ತಿರುಗುತ್ತದೆ ಎಂಬುದು ಅವರ ಲೆಕ್ಕ. ಹುಲ್ಲು ಹಾಸಿದ ಮನೆಗೆ ಮುಂದಿನ ಬೇಸಿಗೆಯಲ್ಲಿ ಯಾರೂ ಕರೆಯದಿದ್ದರೂ ಬಸ್ಸು ಹತ್ತಿ ಬಂದು, ಚಪ್ಪಲಿ ಬಿಟ್ಟು, ಇಡೀ ಅಂಗಳ ಒಮ್ಮೆ ತುಳಿದು ಹೋಗುತ್ತಿದ್ದರು. ಅಂಗಾಲಿಗೆ ತಿಳಿಯುವುದು ಕಣ್ಣಿಗೆ ತಿಳಿಯುವುದಿಲ್ಲವಂತೆ.

ಇಂಥ ಮನುಷ್ಯನನ್ನು ನಾನು ಮಳೆಗಾಲದಲ್ಲಿ ಕರೆದೆ. ಮಗಳಿಗೆ ಏಳನೆಯ ತಿಂಗಳು, ಶ್ರಾವಣದಲ್ಲಿ ಕುಬುಸ, ಸೀಮಂತದ ಕಾರ್ಯ. ಗಂಡನಿಲ್ಲದ ಮನೆಯ ಕಾರ್ಯವೆಂದರೆ ಮಂದಿ ಊಟಕ್ಕಿಂತ ಮೊದಲು ಕೊರತೆ ಹುಡುಕುತ್ತಾರೆ. ನಮ್ಮ ಅಂಗಳದ ರಾಡಿ ತುಳಿದು ಬೀಗರು ಒಳಗೆ ಬರುವುದನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮುಧೋಳದ ವಕೀಲರ ಮನೆಯ ಹಸಿರು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಕಾಕಾ ಬಂದವರೇ ಅಂಗಳ ನೋಡಿ, ‘ಆಗಂಗಿಲ್ರಿ’ ಎಂದರು. ‘ಮಳ್ಯಾಗ ಎರಿ ಬಾಯಿ ಮುಚ್ಚಿರತೈತಿ. ನಾ ಏನ್ ನೋಡ್ಲಿ? ಬ್ಯಾಸಿಗಿತನಕ ತಡೀರಿ.’

‘ಕೂಸು ಬ್ಯಾಸಿಗಿತನಕ ತಡೀತೈತೇನ್ರಿ ಹೊಟ್ಯಾಗ?’ ಎಂದೆ ನಾನು. ಮೂವತ್ತು ವರ್ಷ ವಕೀಲರ ನಡುವೆ ಬಾಳಿದವಳಿಗೆ ಮಾತಿಗೇನು ಬರ. ಚಹಾ ಕೊಟ್ಟೆ, ರಮಿಸಿದೆ, ಕಡೆಗೆ ‘ದೊಡ್ಡವರ ಮನಿಗಷ್ಟ ಹಾಸತೀರೇನು’ ಎಂದು ಚುಚ್ಚಿದೆ. ಅದು ತಾಗಿತು. ಅವರು ಚಹಾದ ಕಪ್ಪು ಕೆಳಗಿಟ್ಟು, ‘ನೋಡಾಕ ಬರಂಗಿಲ್ಲ ಅಂದ್ರ ಕೇಳೂದೊಂದ ಉಳಿತು. ಹಿರೇರು ಯಾರದಾರ್ರಿ ಮನ್ಯಾಗ?’ ಎಂದರು.

ಹಿರಿಯರೆಂದರೆ ನನ್ನ ಅತ್ತೆ. ಎಂಬತ್ತು ದಾಟಿದ, ಮಾತು ಕಡಿಮೆಯ, ಎಲೆ ಅಡಿಕೆ ಕುಟ್ಟಿ ಮೆಲ್ಲುವ ಹೆಂಗಸು. ಈ ಮನೆಗೆ ಹನ್ನೆರಡು ವರ್ಷದ ಸೊಸೆಯಾಗಿ ಬಂದವರು. ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದರು. ಕಾಕಾ ಕೆಳಗೆ ಕೂತು ಕೈ ಜೋಡಿಸಿದರು. ಅವರ ಆಳುಗಳು ಅಂದು ಜೊತೆಗೆ ಬಂದಿರಲಿಲ್ಲ. ಇದ್ದವರು ನಾವು ಮೂವರೇ.

‘ಯವ್ವಾ, ಅಂಗಳದಾಗ ಹಗೇವು ಐತೇನು?’

‘ಇಲ್ಲ.’

‘ಹಿಂದ ಯಾವಾಗರ ಇತ್ತೇನು? ನಾ ಯಾರ ಮುಂದೂ ಹೇಳಂಗಿಲ್ಲ.’

‘ಇಲ್ಲೋ ತಮ್ಮಾ.’

‘ಯವ್ವಾ, ಮೂರನೇದ್ದ ಸಲ ಕೇಳಾಕತ್ತೇನಿ. ಸಿಟ್ಟಾಗಬ್ಯಾಡ.’

‘ಇಲ್ಲಂದ್ರ ಇಲ್ಲ. ಎಷ್ಟ ಸಲ ಹೇಳಬೇಕು?’

ಕಾಕಾ ಅತ್ತೆಯ ಪಾದ ಮುಟ್ಟಿ ಎದ್ದರು. ‘ಹಿರೇರು ಹೇಳಿದ ಮ್ಯಾಲ ಮುಗೀತ್ರಿ’ ಎಂದು ನನ್ನ ಕಡೆ ನೋಡಿ ನಕ್ಕರು. ಮರುದಿನ ಇಬ್ಬರು ಆಳುಗಳೊಂದಿಗೆ ಬಂದು ಒಂದು ಗೇಣು ಎರೆ ತೆಗೆಸಿದರು, ಕೆಂಪು ಗರಸು ಮಣ್ಣು ತುಂಬಿಸಿ ಧಮ್ಮಸು ಹೊಡೆಸಿ ಗಟ್ಟಿ ಮಾಡಿಸಿದರು, ರಸ್ತೆಯ ಕಡೆ ನೀರು ಹರಿಯುವಂತೆ ಇಳಿಜಾರು ಕೊಟ್ಟರು. ಎರೆ ತೆಗೆಯುವಾಗ ಅಂಗಳದ ನಡುವೆ ಕಂಬಿಗೆ ಕಲ್ಲು ತಾಗಿತು. ನಿಂತರು. ಅತ್ತೆ ಕಟ್ಟೆಯಿಂದಲೇ, ‘ಅದು ದನ ಕಟ್ಟೂ ಗೂಟದ ಕಲ್ಲು, ಬಿಡು’ ಎಂದರು. ಅವರು ಬಿಟ್ಟರು.

ಕುಬುಸ ಹಸಿರಿನ ಮೇಲೆ ಆಯಿತು. ಬೀಗರು ಚಪ್ಪಲಿ ಬಿಟ್ಟು ನಡೆದು ನೋಡಿದರು, ಹೆಂಗಸರು ಬಗ್ಗಿ ಮುಟ್ಟಿ ನೋಡಿದರು. ನನಗೆ ಅಂದು ಆದ ಹೆಮ್ಮೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಯುಗಾದಿ ಕಳೆದು ಒಂದು ರವಿವಾರ ಬೆಳಿಗ್ಗೆ ಕಾಕಾ ಬಂದರು. ಮಗಳು ಕೂಸನ್ನು ಒಳಗೆ ಮಲಗಿಸುತ್ತಿದ್ದಳು. ನಾನು ನೀರು ಕೊಟ್ಟೆ. ಒಂದೇ ಗುಟುಕಿಗೆ ಕುಡಿದು, ಚಪ್ಪಲಿ ಬಿಟ್ಟು, ಗೇಟಿನ ಕಡೆಯಿಂದ ತುಳಿಯುತ್ತ ಬಂದರು. ‘ಗರಸು ಛಲೋ ಕುಂತೈತ್ರಿ ಅಕ್ಕಾರ’ ಎಂದರು. ಅಂಗಳದ ನಡುವೆ ಬಂದಾಗ ಒಂದು ಕಾಲು ಮುಂದಿಟ್ಟು ನಿಂತರು. ಹಿಮ್ಮಡಿಯಿಂದ ಎರಡು ಸಲ ಮೆಲ್ಲಗೆ ಕುಟ್ಟಿದರು.

‘ಇಲ್ಲೆ ಸಪ್ಪಳ ಬ್ಯಾರೆ ಐತಿ’ ಎಂದವರು ಕಟ್ಟೆಯ ಕಡೆ ನೋಡಿದರು. ‘ಯವ್ವಾ, ಇಲ್ಲೆ ಕೆಳಗ ಏನರ ಐತೇನು?’

ಅತ್ತೆ ಅವರನ್ನು ನೋಡಿದರು. ಎಲೆ ಅಡಿಕೆ ಕುಟ್ಟುವ ಸದ್ದು ನಿಂತಿತು. ‘ಏನೂ ಇಲ್ಲ’ ಎಂದರು.

‘ಖರೆ?’

‘ಖರೆ.’

ಅವರು ನಕ್ಕು ಇನ್ನೊಂದು ಕಾಲನ್ನೂ ಮುಂದಿಟ್ಟರು.

ದೊಡ್ಡ ಸಪ್ಪಳವೇನೂ ಆಗಲಿಲ್ಲ. ಕೆಳಗಿನಿಂದ ಯಾರೋ ಎಳೆದಂತೆ ಹಸಿರು ಹಾಸು ನಡುವಿನಿಂದ ಒಳಗಿಳಿಯಿತು. ಅವರೇ ಸಡಿಲು ಬಿಟ್ಟಿದ್ದ ಅಂಚುಗಳು ಗೋಡೆಯಿಂದ ಜಾರಿ ಹೋದವು. ಅಂಗಳದಲ್ಲಿ ಕಾಕಾ ಇರಲಿಲ್ಲ. ನಾನು ಕೈಯಲ್ಲಿ ತಂಬಿಗೆ ಹಿಡಿದು ನಿಂತೇ ಇದ್ದೆ. ಎಷ್ಟು ಹೊತ್ತು ನಿಂತಿದ್ದೆನೋ, ಚೀರಿದೆನೋ ಇಲ್ಲವೋ, ಈಗಲೂ ಹೇಳಲಾರೆ.

ಓಣಿಯವರು ಓಡಿ ಬಂದರು. ಪಕ್ಕದ ಮನೆಯವನು ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಇಳಿಯಲು ಕಾಲು ಹಾಕಿದ. ಆಗ ಕೆಳಗಿನಿಂದ ದನಿ ಬಂತು. ‘ಯಾರೂ ಇಳೀಬ್ಯಾಡ್ರಿ. ದೀಪ ಬಿಡ್ರಿ ಮೊದಲ.’

ದೇವರ ಮುಂದಿನ ದೀಪವನ್ನು ಡಬರಿಯಲ್ಲಿಟ್ಟು ಹಗ್ಗಕ್ಕೆ ಕಟ್ಟಿ ನಾನೇ ಇಳಿಬಿಟ್ಟೆ. ಅರ್ಧಕ್ಕೆ ಹೋಗುವುದರೊಳಗೆ ಆರಿತು.

‘ಆರಿತೇನ್ರಿ ಅಕ್ಕಾರ?’ ಎಂದು ಕೇಳಿದರು. ದನಿ ನಿದ್ದೆಗಣ್ಣಿನವರ ದನಿಯಾಗಿತ್ತು.

‘ಆರಿತ್ರಿ’ ಎಂದೆ.

‘ಹಂಗಾರ ಇಳೀಬ್ಯಾಡ್ರಿ.’

ಮತ್ತೆ ಅವರು ಮಾತಾಡಲಿಲ್ಲ. ಬೇವಿನ ಟೊಂಗೆ ಕಡಿದು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ, ಗಾಳಿ ಕದಡಿ, ದೀಪ ಆರದೆ ನಿಂತ ಮೇಲೆ ಓಣಿಯವರು ಇಳಿದರು. ಆಗ ಹೊತ್ತು ಮೀರಿತ್ತು. ಕುಸಿದ ಬಾಯಿಯ ಅಂಚಿನಲ್ಲಿ ಎರಡು ತುಂಡಾದ ಚಪ್ಪಡಿ ಕಾಣುತ್ತಿತ್ತು, ತಳದಲ್ಲಿ ಕೊಳೆತ ಜೋಳದ ದಂಟು.

ಪಂಚನಾಮೆಯವರು ಬಂದು ಕೇಳಿದರು. ‘ಹಗೇವು ಇದ್ದದ್ದು ನನಗೆ ಗೊತ್ತಿರಲಿಲ್ಲ’ ಎಂದೆ. ಅದು ನಿಜವೇ. ಮುದುಕಿಯನ್ನು ಅವರು ಹೆಚ್ಚು ಕೇಳಲಿಲ್ಲ. ಆಕಸ್ಮಿಕ ಎಂದು ಬರೆದುಕೊಂಡು ಹೋದರು.

ಅಂದು ಸಂಜೆ ಅಡುಗೆಮನೆಯಲ್ಲಿ ಕೂತಾಗ ನನಗೆ ಒಂದು ಸಂಗತಿ ಹೊಳೆಯಿತು. ಎರಡು ತಿಂಗಳಿಂದ ಮಗಳು ದಿನಾ ಸಂಜೆ ಆ ಹುಲ್ಲಿನ ಮೇಲೆ ಕೌದಿ ಹಾಸಿ ಕೂಸನ್ನು ಬಿಡುತ್ತಿದ್ದಳು. ನಡುವೆ ಹಾಸಿದರೆ ಅತ್ತೆ ಬಿಡುತ್ತಿರಲಿಲ್ಲ. ‘ಅಲ್ಲಿ ಬಿಸಲ ಬೀಳತೈತಿ, ಈ ಕಡೆ ಹಾಸು’ ಎಂದು ಗೋಡೆಯ ಕಡೆ ಸರಿಸುತ್ತಿದ್ದರು. ಸಂಜೆ ಆರು ಗಂಟೆಗೆ ಎಲ್ಲಿಯ ಬಿಸಿಲು! ಮುದುಕಿಯ ಅರಳು ಮರಳು ಎಂದು ನಾವು ತಾಯಿ ಮಗಳು ನಗುತ್ತಿದ್ದೆವು. ಮೊಮ್ಮಗಳ ಕೂಸನ್ನು ಕಾಪಾಡಲು ಅತ್ತೆಗೆ ಗೊತ್ತಿತ್ತು. ಕಾಲು ಮುಟ್ಟಿ ಕೇಳಿದ ಮನುಷ್ಯನಿಗೆ ಒಂದು ಮಾತು ಹೇಳಲಿಲ್ಲ. ನನಗೆ ಅವರ ಮೇಲೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

‘ಗೊತ್ತಿತ್ತಿಲ್ಲರಿ ನಿಮಗ?’ ಎಂದು ಅವರ ಮುಂದೆ ನಿಂತು ಕೇಳಿದೆ.

‘ಗೊತ್ತಿತ್ತು.’

‘ಮತ್ತ ಯಾಕ? ಖಾಲಿ ತೆಗ್ಗ ಅದು! ಅದರಾಗೇನ್ ಬಂಗಾರ ಇತ್ತೇನು?’

ಅವರು ಸೆರಗಿನ ತುದಿ ತಿರುವುತ್ತ ಹೇಳಿದರು. ‘ಸೊಸಿ ಆಗಿ ಬಂದಾಗ ನಮ್ಮತ್ತಿ ಉಡ್ಯಾಗ ಜ್ವಾಳಾ ಹಾಕಿ ಆಣಿ ತಗೊಂಡಿದ್ಲು. ಹಗೇವಿನ ಜಾಗಾ ಹೊರಗಿನವರ ಮುಂದ ಹೇಳಬಾರ್ದು. ತುಂಬಿದ್ದರ ಕಳ್ಳರಿಗಂಜಿ ಹೇಳಬಾರ್ದು, ಖಾಲಿ ಇದ್ದರ ಬೀಗರಿಗಂಜಿ ಹೇಳಬಾರ್ದು. ಎಪ್ಪತ್ತ ವರ್ಷ ಇಲ್ಲ ಇಲ್ಲ ಅಂದ ಬಾಯಿ ಇದು. ಅಂವ ಕೇಳಿದಾಗ ಅದ ಬಂತು. ಹೌದು ಅನ್ನಾಕ ಬಾಯಿ ತಿರಗಲಿಲ್ಲ.’

ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ. ಲಾಭಕ್ಕೆ ಹೇಳಿದ್ದು, ಹೆದರಿ ಹೇಳಿದ್ದು, ಹಗೆಗೆ ಹೇಳಿದ್ದು. ಸುಮ್ಮನೆ ಮನೆತನದ ಪದ್ಧತಿಯೆಂದು ಹೇಳಿದ ಸುಳ್ಳು ಒಬ್ಬನ ಜೀವ ತೆಗೆದದ್ದನ್ನು ಮಾತ್ರ ನಾನು ಟೈಪು ಮಾಡಿರಲಿಲ್ಲ.

ವಾರದೊಳಗೆ ಮಾತು ಹಬ್ಬಿತು. ‘ಹುಲ್ಲಿನ ಕಾಕಾ ಎಲ್ಲಾ ಕಡೆ ಕೇಳತಿದ್ದ, ಹುನ್ನೂರಾಗ ಕೇಳೂದ ಮರತ ಸತ್ತ’ ಎಂದು. ಕೋರ್ಟಿನ ವರಾಂಡದಲ್ಲಿ ನನ್ನ ಎದುರಿಗೇ ಅಂದರು. ‘ಈ ಸೀಜನ್ನದಾಗ ಗಡಬಡಿ ಬಾಳ ಇತ್ತ ಕಾಣತೈತಿ ಮುದಕಗ’ ಎಂದು ಒಬ್ಬ ನಕ್ಕ. ಅವರು ಜೀವಮಾನವಿಡೀ ಕಾಯ್ದುಕೊಂಡಿದ್ದ ಹೆಸರು ಅದೊಂದೇ. ಅದು ಹೋಗುತ್ತಿತ್ತು. ನಾನು ಫೈಲು ಎತ್ತಿಕೊಂಡು ಒಳಗೆ ಹೋದೆ. ಮನೆಯ ಮರ್ಯಾದೆ ಎಂದು ನನಗೆ ನಾನೇ ಹೇಳಿಕೊಂಡೆ.

ಬನಹಟ್ಟಿಗೆ ಮಾತಾಡಿಸಲು ಹೋಗಲೇಬೇಕಿತ್ತು. ಸತ್ತವರ ಮನೆಗೆ ಹೋಗಿ ಮಾತಾಡಿಸಿ ಬರದಿದ್ದರೆ ಅದಕ್ಕಿಂತ ದೊಡ್ಡ ಅಪರಾಧ ನಮ್ಮ ಕಡೆ ಇಲ್ಲ. ‘ನಾನೂ ಬರತೇನಿ’ ಎಂದರು ಅತ್ತೆ. ಬೇಡವೆಂದರೂ ಕೇಳದೆ ಆಟೋದಲ್ಲಿ ಬಂದು ಕೂತರು.

ಮಗ್ಗದ ಸಪ್ಪಳದ ಓಣಿಯಲ್ಲಿ ಎರಡು ಕೋಣೆಯ ಮನೆ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಅಳುತ್ತಿರಲಿಲ್ಲ. ನಮಗೆ ಚಾಪೆ ಹಾಸಿದರು, ನೀರು ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮುಖ ನೋಡಿ ಕೇಳಿದರು.

‘ಅಕ್ಕಾರ, ಒಂದ ಮಾತ ಕೇಳತೇನಿ, ಸಿಟ್ಟ ಆಗಬ್ಯಾಡ್ರಿ. ಮಂದಿ ಅಂತಾರ, ಕೇಳೂದ ಮರತ ಸತ್ತ ಅಂತ. ನನಗ ನಂಬಾಕ ಆಗವಲ್ದು. ಬೀಗರ ಮನಿಗೆ ಊಟಕ್ಕ ಹ್ವಾದ್ರೂ ಅಂಗಳದಾಗ ನಿಂತ ಕೇಳತಿದ್ರು ಅವರು. ನಿಮ್ಮ ಮನ್ಯಾಗ ಕೇಳಲಿಲ್ಲೇನ್ರಿ?’

ಪಕ್ಕದಲ್ಲಿ ಅತ್ತೆ ಇದ್ದರು. ಮಗಳ ಮನೆಯವರು, ಬೀಗರು, ಊರು ಎಲ್ಲ ಕಣ್ಣ ಮುಂದೆ ಬಂತು. ‘ಕುಬಸದ ಗದ್ದಲಾ ಬಾಳ ಇತ್ತರಿ,’ ಎಂದೆ. ‘ಮರತಿದ್ರೋ ಏನೋ.’

ಆ ಹೆಂಗಸು ತಲೆ ತಗ್ಗಿಸಿದರು. ಆಗ ಅತ್ತೆ ಕೈಯೂರಿ ಮುಂದೆ ಸರಿದರು.

‘ಮರತಿಲ್ಲ ತಂಗಿ. ಕೇಳಿದಾ. ಮೂರ ಸಲ ಕಾಲಾಗ ಕುಂತ ಕೇಳಿದಾ. ಸಾಯೂ ಹೊತ್ತಿನ್ಯಾಗೂ ನಿಂತ ಕೇಳಿದಾ. ನಾ ಇಲ್ಲ ಅಂದೆ. ನನಗ ಗೊತ್ತಿತ್ತು, ಇಲ್ಲ ಅಂದೆ. ಯಾರರ ಅಂದ್ರ ನನ್ನ ಹೆಸರ ಹೇಳು.’

ಆ ಹೆಂಗಸು ಅತ್ತೆಯನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ, ಎದ್ದು ಹೋಗಿ ಎನ್ನುತ್ತಾರೆ ಎಂದು ನಾನು ಕಾದೆ. ‘ಹಂಗಾರ ಮರತಿದ್ದಿಲ್ಲ’ ಎಂದಷ್ಟೇ ಅಂದರು. ಕಣ್ಣಲ್ಲಿ ಮೊದಲ ಸಲ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ನನ್ನ ಕಡೆ ತಿರುಗಿದರು.

‘ಅವರು ಕೇಳೂ ಹೊತ್ತಿನ್ಯಾಗ ನೀವ ಎಲ್ಲಿದ್ರಿ ಅಕ್ಕಾರ?’

‘ಅಲ್ಲೇ ಇದ್ದೆ’ ಎಂದೆ.